ಅಪ್‌ಡೇಟ್: ಮರವಂತೆಯಲ್ಲಿ ನಮ್ಮ ಮಕ್ಕಳು ಕಸ ಹೆಕ್ಕಿದ್ದು

ಎಂಟನೇ ಕ್ಲಾಸಿನ ಮಕ್ಕಳ ಕೈಲಿ ಟ್ರಿಪ್ಪಲ್ಲಿ ಬೀಚ್ ಕ್ಲೀನ್ ಮಾಡಿಸಬಹುದಾ ಅಂತ ಹೋದ ತಿಂಗಳು ಕೇಳಿದ್ದೆ. ಹೋಗಿ ಬಂದೆವು. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಮರವಂತೆಯಲ್ಲಿ ಇಳಿದೆವು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ನದಿ, ನಡುವೆ ಹೆದ್ದಾರಿ 66. ಮಕ್ಕಳನ್ನು ಬಸ್ಸಿಂದ ಇಳಿಸುವಷ್ಟರಲ್ಲಿ ನನ್ನ ಜೀವ ಬಾಯಿಗೆ ಬಂದಿತ್ತು.

ಸಮುದ್ರದ ನೀರು ಹಿಂದೆ ಸರಿಯುವ ಇಳಿತದ ಹೊತ್ತಿಗೆ ಹೋಗಿ ಅಂದಿದ್ದಿರಲ್ಲ, ಅದು ಸರಿ. ಜಾಗ ಜಾಸ್ತಿ ಸಿಕ್ಕಿತು. ಗೋಣಿಚೀಲ ಒಯ್ದದ್ದೂ ಒಳ್ಳೆಯದಾಯಿತು, ನೀರು ಸೋರಿಹೋಗುತ್ತದೆ. ಬಾಟಲಿ, ಚಪ್ಪಲಿ ಸುಲಭ. ಕಾಡಿದ್ದು ಥರ್ಮೋಕೋಲ್. ಹಿಡಿದರೆ ಪುಡಿ, ಗಾಳಿ ಬಂದರೆ ಓಟ. ಕೊನೆಗೆ ಅಡುಗೆಯವರ ಜರಡಿ ಇಸ್ಕೊಂಡು ಮರಳು ಜರಡಿ ಹಿಡಿದೆವು. ಹೂತಿದ್ದ ಬಲೆಯನ್ನು ನಾಲ್ಕು ಹುಡುಗರು ಎಳೆದರೂ ಬರಲಿಲ್ಲ. ಅಲ್ಲಿದ್ದ ಮೀನುಗಾರರೊಬ್ಬರು ಕತ್ತರಿಸಿ ಕೊಟ್ಟರು.

"ಸಿಗರೇಟ್ ತುಂಡು ಹತ್ತಿ ಅಲ್ವಾ ಮಿಸ್, ಕರಗಿ ಹೋಗುತ್ತೆ" ಅಂದಳು ಒಬ್ಬಳು. ಫಿಲ್ಟರ್ ಕೂಡ ಒಂಥರಾ ಪ್ಲಾಸ್ಟಿಕ್ಕೇ ಅಂದೆ. ಆಮೇಲೆ ಅವಳು ಅದನ್ನೊಂದೇ ಹೆಕ್ಕುತ್ತಾ ಕೂತಳು!

ನನ್ನದೇ ಒಂದು ತಪ್ಪು. ಕಸ ಎಲ್ಲಿ ಕೊಡುವುದು ಅಂತ ಪಂಚಾಯ್ತಿಯಲ್ಲಿ ಮೊದಲೇ ಕೇಳಿರಲಿಲ್ಲ. 11 ಚೀಲವನ್ನೂ ಬಸ್ಸಿಗೆ ಹಾಕಿಕೊಂಡೇ ವಾಪಸ್. ಮೀನಿನ ವಾಸನೆ ಬೇರೆ. ಡ್ರೈವರಣ್ಣ ಇನ್ನೂ ಮುಖ ಕೊಟ್ಟು ಮಾತಾಡುತ್ತಿಲ್ಲ.