ವೈನಿಗೂ ಬಂತು ಕೊಂಬು

"ಇದು ಮಾಮೂಲಿ ವೈನ್ ಅಲ್ಲಣ್ಣ, ಪರಿಸರಸ್ನೇಹಿ. ಬಯೋಡೈನಮಿಕ್" ಅಂತ ಪ್ರದೀಪ ಖಾಲಿ ಬಾಟಲಿಯನ್ನು ಟೀ ಅಂಗಡಿ ಬೆಂಚಿನ ಮೇಲಿಟ್ಟ. ಹಿಂದಿನ ದಿನ ಗೆಳೆಯರ ಜೊತೆ ವೈನ್ ತೋಟ ನೋಡಿಬಂದಿದ್ದ. ಚಿಕ್ಕಬಳ್ಳಾಪುರದಲ್ಲಿ ಭಾನುವಾರ ಕಳೆದರೆ ಸೋಮವಾರ ಅವನ ಜ್ಞಾನ ಶುರು.

"ಕುಡಿದವನು ದಾರಿಯುದ್ದ ಗಿಡ ನೆಡ್ತಾನಾ?" ಅಂದ ಮುನಿಯಣ್ಣ.

"ಹಸುವಿನ ಕೊಂಬಿಗೆ ಸಗಣಿ ತುಂಬಿ ಚಳಿಗಾಲವೆಲ್ಲ ಹೂತಿಡ್ತಾರೆ. ಆಮೇಲೆ ಅದನ್ನ ನೀರಲ್ಲಿ ಒಂದು ಗಂಟೆ ಬಲಕ್ಕೂ ಎಡಕ್ಕೂ ತಿರುವಿ ತೋಟಕ್ಕೆ ಚಿಮುಕಿಸ್ತಾರೆ. 1924ರಲ್ಲಿ ರುಡಾಲ್ಫ್ ಸ್ಟೈನರ್ ಅನ್ನೋ ಆಸ್ಟ್ರಿಯಾದ ತತ್ವಜ್ಞಾನಿ ಹೇಳಿಕೊಟ್ಟಿದ್ದು."

"ನಮ್ಮಪ್ಪ ಗಾಡಿಗಟ್ಟಲೆ ಸಗಣಿ ಹೊಡೆದ. ಕೊಂಬಲ್ಲಿ ತುಂಬಲಿಲ್ಲ ನೋಡು, ಅದಕ್ಕೇ ಬರೀ ತಿಪ್ಪೆ ಅನ್ನಿಸಿಕೊಳ್ತು."

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. "ನೀನು ಬೆಂಗಳೂರು ಬ್ಲೂ ದ್ರಾಕ್ಷಿಗೆ ಹೊಡೆಯೋ ಬೋರ್ಡೋ ದ್ರಾವಣವೂ ವೈನ್ ಸೀಮೆಯದೇ ಕಣಯ್ಯ. ಫ್ರಾನ್ಸಿನ ಬೋರ್ಡೋ ಕಡೆ, ದಾರಿಹೋಕರು ಹಣ್ಣು ಕೀಳಬಾರದು ಅಂತ ಮೈಲುತುತ್ತ, ಸುಣ್ಣ ಕಲಸಿ ರಸ್ತೆ ಬದಿ ಬಳ್ಳಿಗೆ ಹೊಡೀತಿದ್ರು. ಆ ಸಾಲಿಗೆ ಮಾತ್ರ ಎಲೆಗೆ ಬೂಷ್ಟು ಹಿಡಿಯೋ ಡೌನಿ ರೋಗ ಬರಲಿಲ್ಲ. 1882ರಲ್ಲಿ ಮಿಲಾರ್ಡೆ ಅನ್ನೋ ಪ್ರೊಫೆಸರ್ ಅದನ್ನ ಗಮನಿಸಿದರು."

"ಹಂಗಾದ್ರೆ ಪ್ರಶಸ್ತಿ ಕಳ್ಳರಿಗೆ ಸಿಗಬೇಕಿತ್ತು."

ಮುನಿಯಣ್ಣ ಬಾಟಲಿಯನ್ನು ಪಕ್ಕದ ತರಕಾರಿ ಅಂಗಡಿಯ ತಕ್ಕಡಿಗೆ ಹಾಕಿಸಿದ. ಮುಕ್ಕಾಲು ಕೆಜಿ! ಒಳಗಿದ್ದ ವೈನೂ ಮುಕ್ಕಾಲು ಲೀಟರು. ಅಂದರೆ ಸರಕೆಷ್ಟೋ ಚೀಲವೂ ಅಷ್ಟೇ ಭಾರ.

"ಗಾಜು ಕರಗಿಸೋಕೆ 1500 ಡಿಗ್ರಿ ಕಾಯಿಸ್ತಾರೆ" ಅಂದರು ಮೇಷ್ಟ್ರು. "ವೈನಿನಿಂದ ಗಾಳಿಗೆ ಸೇರೋ ಇಂಗಾಲದಲ್ಲಿ ಬಾಟಲಿದೇ ದೊಡ್ಡ ಪಾಲು."

"ಒಂದು ಕಡೆ ಕೊಂಬು ಹೂಳೋದು, ಇನ್ನೊಂದು ಕಡೆ ಗಾಜು ಊದೋದು. ಕೊನೆಗೆ ನೀನು ಬಂದು ಇಲ್ಲಿ ಕೊಂಬು ಊದೋದು. ಅದಿರಲಿ, ನಾಲ್ಕು ಜನ ಹೋಗಿದ್ರಲ್ಲ, ಕಾರೆಷ್ಟು?"

"ನಾಲ್ಕು" ಅಂದ ಪ್ರದೀಪ, ಮೆಲ್ಲಗೆ. ಆಮೇಲೆ ಮಾತು ತಿರುಗಿಸಿದ. "ನೀರನ್ನೂ ಮರುಬಳಕೆ ಮಾಡ್ತಾರಣ್ಣ."

"ನಮಗೆ ಹೇಳ್ತೀಯಾ? ಎಚ್.ಎನ್. ವ್ಯಾಲಿ ಯೋಜನೆಯಲ್ಲಿ ನಮ್ಮ ಕಡೆ ಕೆರೆಗೆ ಬರೋದೇ ಬೆಂಗಳೂರಿನ ಕೊಳಚೆ, ಸೋಸಿದ್ದು. ಬೆಂಗಳೂರು ಕುಡಿದು ಬಿಟ್ಟಿದ್ದು ನಮಗೆ, ನಾವು ಬೆಳೆದಿದ್ದು ಬೆಂಗಳೂರು ಕುಡಿಯೋಕೆ."

ಟೀ ಅಂಗಡಿಯವನೂ ನಕ್ಕ. ಅವನು ನಗುವುದು ಕಡಿಮೆ, ಸಾಲದ ಪುಸ್ತಕ ಅವನ ಹತ್ತಿರವೇ ಇದೆ.

"ನೀವೂ ಶುರು ಮಾಡಿ ಅಣ್ಣ. ಊರಲ್ಲಿ ಕೊಂಬಿಗೇನು ಬರವಾ?"

ಮುನಿಯಣ್ಣ ತಕ್ಷಣ ಉತ್ತರ ಕೊಡಲಿಲ್ಲ.

"ಎಲ್ಲಿದೆಯಪ್ಪ? ಕೊಟ್ಟಿಗೆಯಲ್ಲಿ ಇರೋವೆಲ್ಲ ಎಚ್ಚೆಫ್ ಸೀಮೆಹಸು. ಕರುವಿದ್ದಾಗಲೇ ಕೊಂಬು ಸುಟ್ಟುಬಿಡ್ತಾರೆ. ಹಳ್ಳಿಕಾರ್ ಎತ್ತು ಒಂದು ಜೋಡಿ ಇತ್ತು. ಈಟಿ ಥರ ಕೊಂಬು. ಸಂಕ್ರಾಂತಿಗೆ ಬಣ್ಣ ಬಳಿದು, ತುದಿಗೆ ಹಿತ್ತಾಳೆ ಅಣಸು ಹಾಕಿ ಕಿಚ್ಚು ಹಾಯಿಸ್ತಿದ್ವಿ. ಟ್ರ್ಯಾಕ್ಟರ್ ತಂದ ವರ್ಷ ಮಾರಿದೆ. ಅಣಸು ಮಾತ್ರ ಬಿಚ್ಚಿಟ್ಕೊಂಡೆ."

"ಎತ್ತಿಂದು ಆಗಲ್ವಂತೆ ಅಣ್ಣ, ಹಸುವಿಂದೇ ಬೇಕಂತೆ" ಅಂದ ಪ್ರದೀಪ.

ಮೇಷ್ಟ್ರು ಅವನ ಕಾಲು ತುಳಿದರು. ಮುನಿಯಣ್ಣ ಬಾಟಲಿ ಎತ್ತಿ ಬೆಳಕಿಗೆ ಹಿಡಿದ.

"ಇದನ್ನ ಇಲ್ಲೇ ಬಿಟ್ಟು ಹೋಗು. ಹೊಂಗೆ ಎಣ್ಣೆ ಹಾಕಿಡೋಕೆ ಆಗುತ್ತೆ."