ಕನಸೆಂದು ಸುಳಿವು ಕೊಡದೆ ಕನಸು ಕಟ್ಟುವುದು: ‘ಯೆಲ್ಲಾ’ ಚಿತ್ರದ ಕುರಿತು ಪ್ರಶ್ನೋತ್ತರ

ಪ್ರಶ್ನೆ: ಸರ್, ಹದಿನೈದು ನಿಮಿಷದ ಕಿರುಚಿತ್ರ ಎಡಿಟ್ ಮಾಡ್ತಿದ್ದೇನೆ. ಅಪಘಾತದ ನಂತರದ್ದೆಲ್ಲ ನಾಯಕಿಯ ಕಲ್ಪನೆ, ಕೊನೆಯಲ್ಲಷ್ಟೇ ಗೊತ್ತಾಗಬೇಕು. ಒಂದು ದೃಶ್ಯ ಇನ್ನೊಂದರಲ್ಲಿ ಕರಗುವ ಡಿಸಾಲ್ವ್ ಹಾಕಿ, ಡಿಐನಲ್ಲಿ (ಬಣ್ಣ ತಿದ್ದುವ ಹಂತದಲ್ಲಿ) ನೀಲಿ ಛಾಯೆ ಕೊಟ್ಟು, ಮಾತಿಗೆ ರಿವರ್ಬ್ (ಗುಂಯ್‌ಗುಡುವ ಪ್ರತಿಧ್ವನಿ) ಸೇರಿಸಿದ್ದೇನೆ. ನೋಡಿದವರೆಲ್ಲ ಎರಡನೇ ನಿಮಿಷಕ್ಕೇ “ಇದು ಕನಸು ತಾನೇ?” ಅಂತಾರೆ. ಜರ್ಮನಿಯ ‘ಯೆಲ್ಲಾ’ ಚಿತ್ರದಲ್ಲಿ ಇದನ್ನು ಹೇಗೆ ಮುಚ್ಚಿಟ್ಟರು?

ಉತ್ತರ (ಸಂಕಲನಕಾರ): ಚಿತ್ರ ನೋಡದವರು ಮುಂದೆ ಓದಬೇಡಿ, ಅಂತ್ಯ ಹೇಳದೆ ಇದಕ್ಕೆ ಉತ್ತರವಿಲ್ಲ.

ಮೊದಲು ಆ ಮೂರನ್ನೂ ತೆಗೆದುಹಾಕಿ. ನಿರ್ದೇಶಕ ಕ್ರಿಸ್ಟಿಯಾನ್ ಪೆಟ್ಜೋಲ್ಡ್ 2007ರ ಈ ಚಿತ್ರದಲ್ಲಿ ವಾಸ್ತವದಿಂದ ಕಲ್ಪನೆಗೆ ಗಡಿ ದಾಟುವುದನ್ನು ತೋರಿಸುವುದೇ ಇಲ್ಲ. ವಿಟೆನ್‌ಬರ್ಗೆ ಊರಿನಲ್ಲಿ ನಾಯಕಿ ಯೆಲ್ಲಾ ಕೂತಿರುವ ಕಾರನ್ನು ಅವಳ ಗಂಡ ಸೇತುವೆಯಿಂದ ಎಲ್ಬೆ ನದಿಗೆ ನುಗ್ಗಿಸುತ್ತಾನೆ. ಆಮೇಲೆ ಇಬ್ಬರೂ ದಡದಲ್ಲಿ. ಯೆಲ್ಲಾ ಎದ್ದು ಒದ್ದೆ ಬಟ್ಟೆಯಲ್ಲೇ ಹ್ಯಾನೋವರ್ ರೈಲು ಹಿಡಿಯುತ್ತಾಳೆ. ಬೆಳಕು, ಬಣ್ಣ, ಕ್ಯಾಮೆರಾದ ನಡೆ ಮೊದಲಿನ ಹಾಗೇ. ಅಷ್ಟೇ ಅಲ್ಲ, ನಂತರದ ಭಾಗದಲ್ಲಿರುವುದು ಕಂಪನಿಗಳ ಹಣಕಾಸಿನ ಒಣ ಮಾತುಕತೆ: ಸಾಲ, ಪಾಲು, ಪೇಟೆಂಟ್. ಇಷ್ಟು ನೀರಸ ವಿವರದ ಕನಸು ಯಾರಾದರೂ ಕಾಣುತ್ತಾರೆಯೇ ಎಂದುಕೊಂಡು ಪ್ರೇಕ್ಷಕ ನಂಬಿಬಿಡುತ್ತಾನೆ. ಆ ಮಾತುಕತೆಗೆ ಆಧಾರ ಚಿತ್ರನಿರ್ದೇಶಕ ಹರೂನ್ ಫರೋಕಿಯ ಸಾಕ್ಷ್ಯಚಿತ್ರ.

ಹಾಗಂತ ಸುಳಿವೇ ಇಲ್ಲವೆಂದಲ್ಲ. ಯೆಲ್ಲಾ ಪಾತ್ರದ ನೀನಾ ಹಾಸ್ ಚಿತ್ರದುದ್ದಕ್ಕೂ ಹೆಚ್ಚುಕಡಿಮೆ ಅದೇ ಕೆಂಪು ಟಾಪ್‌ನಲ್ಲಿರುತ್ತಾರೆ. ಮೀಟಿಂಗ್ ನಡುವೆ ಇದ್ದಕ್ಕಿದ್ದಂತೆ ಕಾಗೆಯ ಕೂಗು, ನೀರಿನ ಸದ್ದು, ಎಲೆಗಳ ಮರ್ಮರ. ಕೊನೆಗೆ ಆಕೆ ಮತ್ತೆ ಅದೇ ಕಾರಿನಲ್ಲಿ. ನದಿಯಿಂದ ಎತ್ತಿದ ಗಂಡ ಹೆಂಡತಿಯ ಹೆಣ ನೋಡಿದ ಮೇಲೆ, ನಡುವಿನದ್ದೆಲ್ಲ ಕಲ್ಪನೆ ಎಂದು ತಿಳಿದು, ಆ ಸದ್ದುಗಳಿಗೆಲ್ಲ ಲೆಕ್ಕ ಸಿಗುತ್ತದೆ. ಸುಳಿವು ಅಂದರೆ ಹೀಗಿರಬೇಕು, ಹಿಂದಿರುಗಿ ನೋಡಿದಾಗ ಮಾತ್ರ ಕಾಣುವಂಥದ್ದು.

ನಿಮ್ಮ ಚಿತ್ರಕ್ಕೆ ಒಂದೇ ಸದ್ದು ಆರಿಸಿ. ಅಪಘಾತದ ಶಾಟ್‌ನಲ್ಲೇ ಅದು ಸಹಜವಾಗಿ ಕೇಳಿರಲಿ, ಇಲ್ಲದಿದ್ದರೆ ಕೊನೆಯಲ್ಲಿ ಮೋಸ ಮಾಡಿದಂತಾಗುತ್ತದೆ. ಹದಿನೈದು ನಿಮಿಷಕ್ಕೆ ಮೂರು ಸಲ ಸಾಕು.

ಪ್ರಶ್ನೆ: ಹಾಗಾದರೆ ‘ಡಾ. ಕ್ಯಾಲಿಗರಿ’? ಅಲ್ಲಿ ಎಲ್ಲವೂ ವಕ್ರವೇ ಅಲ್ವಾ?

ಉತ್ತರ (ಸಂಕಲನಕಾರ): 1920ರ ಆ ಜರ್ಮನ್ ಮೂಕಿ ಚಿತ್ರದ್ದು ತಿರುಗುಮುರುಗು ದಾರಿ. ಸೆಟ್ ವಿನ್ಯಾಸಕರಾದ ಹರ್ಮನ್ ವಾರ್ಮ್, ರೈಮನ್, ರೋರಿಗ್ ಮೂವರೂ ಸೇರಿ ಬೆಳಕು ನೆರಳನ್ನೂ ಸೆಟ್ ಮೇಲೆ ಬಣ್ಣದಲ್ಲೇ ಬರೆದರು. ಕಥೆ ಊರಿಗೆ ಹೋದ ಕ್ಷಣದಿಂದ ಎಲ್ಲ ಗೋಡೆಯೂ ಓರೆಯಾದ್ದರಿಂದ ನಾವು ಅದನ್ನು ಶೈಲಿ ಎಂದುಕೊಳ್ಳುತ್ತೇವೆ. ಅದು ಕಥೆ ಹೇಳುತ್ತಿರುವ ಹುಚ್ಚನ ಕಣ್ಣಿಗೆ ಕಂಡದ್ದು ಎಂದು ತಿಳಿಯುವುದು ಆಮೇಲೆ. ನಿಮ್ಮ ನೀಲಿ ಛಾಯೆ ನಡುವೆ ಶುರುವಾಗುತ್ತದೆ, ತೊಂದರೆ ಅದೇ. ಇನ್ನೊಂದು ಸ್ವಾರಸ್ಯ: ಹುಚ್ಚಾಸ್ಪತ್ರೆಯ ‘ವಾಸ್ತವ’ಕ್ಕೆ ಮರಳಿದ ಮೇಲೂ ಅಂಗಳದ ಸೆಟ್ ಕಲ್ಪನೆಯಲ್ಲಿದ್ದದ್ದೇ. ನಿರ್ದೇಶಕ ರಾಬರ್ಟ್ ವೀನೆ ನಮ್ಮನ್ನು ಪೂರ್ತಿ ಹೊರಗೆ ಬಿಡುವುದಿಲ್ಲ.

ಪ್ರಶ್ನೆ: ಸದ್ದನ್ನು ಒಳಗೆ ತರುವುದು ಹೇಗೆ? ನಾನು ಹಾಕಿದರೆ ಮಿಕ್ಸಿಂಗ್ ತಪ್ಪಿದ ಹಾಗೆ ಕೇಳುತ್ತೆ.

ಉತ್ತರ (ಸೌಂಡ್ ಮಿಕ್ಸಿಂಗ್): ಹೊಸ ಸದ್ದನ್ನು ಏರಿಸಬೇಡಿ, ಉಳಿದದ್ದನ್ನು ಇಳಿಸಿ. ಕೋಣೆಯ ಆಂಬಿಯನ್ಸ್ (ಹಿನ್ನೆಲೆಯ ಸಹಜ ಸದ್ದು) ಎರಡು ಸೆಕೆಂಡಿನಲ್ಲಿ 15 ಡೆಸಿಬೆಲ್‌ನಷ್ಟು ಕೆಳಗೆ ಬರಲಿ, ಮಾತು 6 ಡೆಸಿಬೆಲ್. ಮಾತಿಗೆ ಲೋ ಪಾಸ್ ಫಿಲ್ಟರ್ ಹಾಕಿ, 3 ಕಿಲೋಹರ್ಟ್ಜ್‌ಗಿಂತ ಮೇಲಿನ ಚೂಪು ಸ್ವರಗಳನ್ನು ತಗ್ಗಿಸಿ. ಪೂರ್ತಿ ಸೊನ್ನೆ ಮಾಡಿದಿರೋ, ಸ್ಪೀಕರ್ ಕೆಟ್ಟಿತು ಅಂತ ಜನ ತಿರುಗಿ ನೋಡುತ್ತಾರೆ. ನೀವು ಆರಿಸಿದ ಸದ್ದು ಕಾಗೆಯದ್ದಾದರೆ, ಆ ಖಾಲಿ ಜಾಗದಲ್ಲಿ ಕಾಗೆ ಕೂಗಲಿ, ರಿವರ್ಬ್ ಇಲ್ಲದೆ. ಆರೇಳು ಸೆಕೆಂಡಿನ ನಂತರ ಫೇಡ್ ಮಾಡದೆ (ಮೆಲ್ಲಮೆಲ್ಲಗೆ ಏರಿಸದೆ), ಮೇಜಿನ ಮೇಲೆ ಲೋಟ ಇಟ್ಟ ಸದ್ದಿಗೆ ಎಲ್ಲವನ್ನೂ ಒಂದೇ ಫ್ರೇಮಿನಲ್ಲಿ ವಾಪಸ್ ತನ್ನಿ. ಸಂಗೀತ ಆ ಜಾಗದಲ್ಲಿ ಬೇಡವೇ ಬೇಡ, ನಿರ್ದೇಶಕರು ಎಷ್ಟೇ ಕೇಳಿದರೂ.

ಯೂಟ್ಯೂಬ್‌ಗೆ ಹಾಕುವುದಾದರೆ ತಗ್ಗಿನ ಗುಡುಗುಡು ನಂಬಬೇಡಿ, ಫೋನ್ ಸ್ಪೀಕರಿನಲ್ಲಿ ಅದು ಕೇಳುವುದೇ ಇಲ್ಲ. ಮಿಕ್ಸ್ ಲಾಕ್ ಮಾಡುವ ಮುಂಚೆ ಒಮ್ಮೆ ಫೋನಿನಲ್ಲೇ ಕೇಳಿ ನೋಡಿ.