200 ಗಂಟೆಗೆ ಕೆಲಸ ಇಲ್ಲ, ಉಳಿದ ಗಂಟೆ ಎಲ್ಲಿಂದ ತರೋದು?

ಪಿಬಿ ರಸ್ತೆ

ನಮಸ್ಕಾರ. ದಾವಣಗೆರೆಯವನು. ನಮ್ಮ ಮನೆಯಲ್ಲಿ ಯುಗಾದಿಯಿಂದ ಒಂದೇ ಜಗಳ ನಡೆಯುತ್ತಾ ಇದೆ. ಗೊತ್ತಿದ್ದವರು ಯಾರಾದರೂ ಹೇಳಿ.

ತಮ್ಮನ ಹತ್ತಿರ ಸಿಪಿಎಲ್ ಇದೆ, ಅಂದ್ರೆ ಕಮರ್ಷಿಯಲ್ ಪೈಲಟ್ ಲೈಸೆನ್ಸ್. ಚನ್ನಗಿರಿ ಕಡೆ ಇದ್ದ ಎರಡು ಎಕರೆ ಅಡಿಕೆ ತೋಟ ಮಾರಿ ಅಪ್ಪ ಓದಿಸಿದರು. ಹನ್ನೊಂದು ತಿಂಗಳಲ್ಲಿ ಮುಗಿಯುತ್ತೆ ಅಂತ ಫ್ಲೈಯಿಂಗ್ ಸ್ಕೂಲಿನವರು ಹೇಳಿದ್ದು, ಮುಗಿದದ್ದು ಎರಡೂವರೆ ವರ್ಷಕ್ಕೆ. ಒಂದು ತಿಂಗಳು ಮಂಜು, ಒಂದು ತಿಂಗಳು ವಿಮಾನ ರಿಪೇರಿ, ಇನ್ನೊಂದು ತಿಂಗಳು ಇನ್‌ಸ್ಟ್ರಕ್ಟರೇ ಇಲ್ಲ. ಹಾಸ್ಟೆಲ್ ಬಿಲ್ಲು ಮಾತ್ರ ತಪ್ಪದೆ ಬರುತ್ತಿತ್ತು. ಅಂತೂ 200 ಗಂಟೆ ಮುಗಿಸಿ ಬಂದ, ಬಂದು ಎರಡು ವರ್ಷ ಆಯಿತು, ಕೆಲಸ ಇಲ್ಲ. ಅರ್ಜಿ ಹಾಕಿದ ಕಡೆಯೆಲ್ಲ ಕೇಳೋದು ಒಂದೇ, ಟೈಪ್ ರೇಟಿಂಗ್ ಇದೆಯಾ, ಅಂದ್ರೆ ನಮ್ಮ ಮಾದರಿ ವಿಮಾನ ಹಾರಿಸೋಕೆ ಬೇರೆ ಅರ್ಹತೆ ಪಡೆದಿದ್ದೀಯಾ, ಆ ವಿಮಾನದ ಮೇಲೆ ಎಷ್ಟು ಗಂಟೆ ಹಾರಿಸಿದ್ದೀಯಾ ಅಂತ. ಕೆಲಸ ಕೊಡದೆ ಗಂಟೆ ಎಲ್ಲಿಂದ ಬರುತ್ತೆ?

ಇತ್ತ ನಮ್ಮ ಬೀದಿಯ ಇನ್ನೊಬ್ಬ ಹುಡುಗ. ಅವನದ್ದೂ 200 ಚಿಲ್ಲರೆ ಗಂಟೆನೇ. ಆದರೆ ವಿಮಾನ ಕಂಪನಿಯದ್ದೇ ಕೆಡೆಟ್ ಕೋರ್ಸಿಗೆ ಕೋಟಿಯ ಆಸುಪಾಸು ಕಟ್ಟಿ ಸೇರಿದ್ದ. ಈಗ ಯೂನಿಫಾರ್ಮ್ ಹಾಕಿಕೊಂಡು ಬೆಣ್ಣೆ ದೋಸೆ ತಿನ್ನೋಕೆ ಬರುತ್ತಾನೆ. ತಮ್ಮ ಆ ಹೋಟೆಲಿನ ಕಡೆ ಹೋಗೋದೇ ಬಿಟ್ಟಿದ್ದಾನೆ.

ಇದು ಅನ್ಯಾಯ ಅಲ್ವಾ ಅಂತ ನಾನು. ನಮ್ಮ ಭಾವ ಚಿತ್ರದುರ್ಗದವರು, ಅವರ ವಾದ ಬೇರೆ. ಕೆಎಸ್‌ಆರ್‌ಟಿಸಿ ಡ್ರೈವರ್ ಕೆಲಸಕ್ಕೇ ಹೆವಿ ಲೈಸೆನ್ಸ್ ಆಗಿ ಎರಡು ವರ್ಷ ಆಗಿರಬೇಕು ಅಂತಾರೆ, 180 ಜನ ಕೂರುವ ವಿಮಾನಕ್ಕೆ 1500 ಗಂಟೆ ಇಲ್ಲದವರನ್ನ ಬಿಡಲೇಬಾರದು, 200 ಗಂಟೆ ಸಾಕು ಅನ್ನೋರ ಜೊತೆ ನಾನು ಮಾತೇ ಆಡಲ್ಲ ಅಂತ ಎದ್ದು ಹೋದರು. ನೀವು ಹೇಳಿ, ಯಾರು ಸರಿ?

ಚಳ್ಳಕೆರೆ ಲಾರಿ

ನಿಮ್ಮ ಭಾವನೇ ಸರಿ. 200 ಗಂಟೆ ಅಂದ್ರೆ ಎಷ್ಟು ಗೊತ್ತಾ? ದುರ್ಗದಿಂದ ಮುಂಬೈಗೆ ಲೋಡ್ ಗಾಡಿ ಹೋಗಿ ಬರೋಕೆ ನಲವತ್ತು ಗಂಟೆ ಸ್ಟೇರಿಂಗ್ ಮೇಲೆ ಇರಬೇಕು. ಐದು ಟ್ರಿಪ್. ಐದು ಟ್ರಿಪ್ ಹೊಡೆದವನ ಕೈಗೆ ನಾನು ನನ್ನ ಗಾಡಿ ಕೊಡಲ್ಲ.

ನಾನು ಮೂರು ವರ್ಷ ಕ್ಲೀನರ್ ಆಗಿದ್ದವನು. ಗುರುಗಳು ಮೊದಲು ಸ್ಟೇರಿಂಗ್ ಕೊಟ್ಟದ್ದು ರಾತ್ರಿ ಎರಡು ಗಂಟೆಗೆ, ಹಿರಿಯೂರು ದಾಟಿದ ಮೇಲೆ, ಖಾಲಿ ಗಾಡಿ, ನೇರ ರಸ್ತೆ. ಘಾಟಿಯಲ್ಲಿ ಲೋಡ್ ಗಾಡಿ ಕೊಟ್ಟದ್ದು ಅದಾಗಿ ಒಂದೂವರೆ ವರ್ಷಕ್ಕೆ. ಬ್ರೇಕ್ ಬಿಸಿಯಾದ ವಾಸನೆ ಪುಸ್ತಕದಲ್ಲಿ ಬರಲ್ಲ.

ರೈಟ್ ಸೀಟ್

ನಾನು ಫಸ್ಟ್ ಆಫೀಸರ್, ಅಂದ್ರೆ ಕ್ಯಾಪ್ಟನ್ ಪಕ್ಕ ಬಲಗಡೆ ಸೀಟಿನಲ್ಲಿ ಕೂರುವ ಪೈಲಟ್. ಹುಟ್ಟಿದ್ದು ಬೆಳೆದದ್ದು ದಾವಣಗೆರೆ. ಕಂಪನಿ ಹೆಸರು ಕೇಳಬೇಡಿ.

ಲಾರಿ ಅಣ್ಣ, ನೀವು ನಿಮ್ಮ ಕಥೆಯಲ್ಲೇ ಉತ್ತರ ಕೊಟ್ಟುಬಿಟ್ಟಿದ್ದೀರಿ. ನಮ್ಮಲ್ಲೂ ಹಾಗೇ ನಡೆಯೋದು. 200 ಗಂಟೆ ಅನ್ನೋದು ಡಿಜಿಸಿಎ, ಅಂದ್ರೆ ವಿಮಾನಯಾನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ, ಲೈಸೆನ್ಸಿಗೆ ಕೇಳುವ ಲೆಕ್ಕ. ಅದರಲ್ಲಿ 100 ಗಂಟೆ ತಾನೇ ಪೈಲಟ್ ಇನ್ ಕಮಾಂಡ್ ಆಗಿ ಹಾರಿಸಿರಬೇಕು. 300 ನಾಟಿಕಲ್ ಮೈಲಿಯ ಒಂದು ದೂರದ ಹಾರಾಟ ಆಗಿರಬೇಕು, ರಾತ್ರಿ ಹಾರಾಟ ಬೇರೆ. ಇದು ಮುಗಿದ ಕೂಡಲೇ ಯಾರೂ 180 ಜನರನ್ನ ಕೊಡಲ್ಲ. ಟೈಪ್ ರೇಟಿಂಗ್ ಅಂತ ಆ ಒಂದು ಮಾದರಿ ವಿಮಾನಕ್ಕೇ ಬೇರೆ ಕೋರ್ಸ್ ಇದೆ. ಸಿಮ್ಯುಲೇಟರಿನಲ್ಲಿ ಕೂರಿಸಿ ಒಂದು ಇಂಜಿನ್ ನಿಲ್ಲಿಸುತ್ತಾರೆ, ಹೊಗೆ ತುಂಬಿಸುತ್ತಾರೆ, ಪಕ್ಕದಲ್ಲಿರೋ ಕ್ಯಾಪ್ಟನ್ ಪ್ರಜ್ಞೆ ತಪ್ಪಿದರು ಅಂತ ಸುಮ್ಮನೆ ಕೂತುಬಿಡುತ್ತಾರೆ, ನಾವೇ ಇಳಿಸಬೇಕು. ಆಮೇಲೆ ಖಾಲಿ ವಿಮಾನದಲ್ಲಿ ಲ್ಯಾಂಡಿಂಗ್. ಅದಾದ ಮೇಲೆ ಪ್ರಯಾಣಿಕರ ಜೊತೆ, ಎಡಗಡೆ ಟ್ರೇನಿಂಗ್ ಕ್ಯಾಪ್ಟನ್, ಶುರುವಿನಲ್ಲಿ ಹಿಂದೆ ಇನ್ನೊಬ್ಬ ಪೈಲಟ್ ಕೂತಿರುತ್ತಾರೆ. ಕ್ಲೀನರ್ ಆಗಿ ಮೂರು ವರ್ಷ ಅಂದ್ರಲ್ಲ, ಹಾಗೇ.

ಈಗ 1500 ಗಂಟೆ ಇಲ್ಲದೆ ಒಳಗೇ ಬಿಡಬಾರದು ಅನ್ನೋರ ವಿಷಯ. ಅದು ಅಮೆರಿಕದ ಕಾನೂನು. ಅಲ್ಲಿ 2009ರ ಫೆಬ್ರವರಿಯಲ್ಲಿ ಬಫಲೋ ಊರಿನ ಹತ್ತಿರ ಕೋಲ್ಗನ್ ಏರ್ ವಿಮಾನ ಮನೆಯೊಂದರ ಮೇಲೆ ಬಿತ್ತು, 50 ಜನ ಸತ್ತರು. ವೇಗ ಕಡಿಮೆಯಾಗಿ ವಿಮಾನ ಎಚ್ಚರಿಕೆ ಕೊಟ್ಟಾಗ ಮೂಗು ತಗ್ಗಿಸಬೇಕಿತ್ತು, ಕ್ಯಾಪ್ಟನ್ ಮೇಲಕ್ಕೆ ಎಳೆದರು. ಸತ್ತವರ ಮನೆಯವರು ವರ್ಷಗಟ್ಟಲೆ ಹೋರಾಡಿದರು, 2010ರಲ್ಲಿ ಕಾನೂನು ಬಂತು, 2013ರಿಂದ ಫಸ್ಟ್ ಆಫೀಸರ್‌ಗೂ 1500 ಗಂಟೆ ಅಂತಾಯಿತು. ಆದರೆ ಆ ಕ್ಯಾಪ್ಟನ್‌ಗೆ 3000ಕ್ಕಿಂತ ಜಾಸ್ತಿ ಗಂಟೆ ಇತ್ತು, ಜೊತೆಗಿದ್ದವರಿಗೆ 2000ಕ್ಕಿಂತ ಜಾಸ್ತಿ! ಆ ನಿಯಮ ಮೊದಲೇ ಇದ್ದಿದ್ದರೂ ಇಬ್ಬರೂ ಅಲ್ಲೇ ಕೂತಿರುತ್ತಿದ್ದರು. ಕ್ಯಾಪ್ಟನ್ ಹಿಂದೆ ಕೆಲವು ಪರೀಕ್ಷೆಗಳಲ್ಲಿ ಫೇಲ್ ಆಗಿದ್ದರು, ತನಿಖೆಯಲ್ಲಿ ಅದೂ ಬಂತು, ದಣಿವಿನ ವಿಷಯವೂ ಬಂತು. ಎಣಿಸೋಕೆ ಸುಲಭ ಅಂತ ಗಂಟೆ ಹಿಡಿದುಕೊಂಡರು ಅನ್ನಿಸುತ್ತೆ ನನಗೆ.

ಆ 1500ಕ್ಕೂ ರಿಯಾಯಿತಿ ಇದೆ. ಮಿಲಿಟರಿಯವರಿಗೆ 750, ವಿಮಾನಯಾನದಲ್ಲಿ ಡಿಗ್ರಿ ಮಾಡಿದವರಿಗೆ 1000. ಯುರೋಪಿನಲ್ಲಿ ಈ ನಿಯಮವೇ ಇಲ್ಲ, ನಮ್ಮ ಹಾಗೆ 200ರ ಆಸುಪಾಸಿನಲ್ಲೇ ಬಲಗಡೆ ಸೀಟಿಗೆ ಬರುತ್ತಾರೆ. ನಮ್ಮಲ್ಲಿ 1500 ಕೇಳೋದು ಎಟಿಪಿಎಲ್‌ಗೆ, ಅಂದ್ರೆ ಮುಂದೆ ಕ್ಯಾಪ್ಟನ್ ಆಗೋಕೆ ಬೇಕಾದ ಲೈಸೆನ್ಸಿಗೆ.

ಚಳ್ಳಕೆರೆ ಲಾರಿ

ಸರ್, ಸಿಮ್ಯುಲೇಟರಿನಲ್ಲಿ ಬಿದ್ದರೆ ಎದ್ದು ಕಾಫಿ ಕುಡಿದು ಬರಬಹುದು. ಭಯ ಇಲ್ಲದ ಕಡೆ ಕಲಿತದ್ದು ಭಯ ಇರೋ ಕಡೆ ಕೈಗೆ ಬರುತ್ತಾ? ಇದಕ್ಕೆ ಉತ್ತರ ಕೊಡಿ.

ಕೋಟೆ ಬೀದಿ

ಪೈಲಟ್ಟೇ ಇಲ್ಲದ ವಿಮಾನ ನಮ್ಮ ಜಿಲ್ಲೆಯಲ್ಲಿ ಜೋಡಿಚಿಕ್ಕೇನಹಳ್ಳಿ ಹೊಲಕ್ಕೆ ಬಿದ್ದಿತ್ತಲ್ಲ, 2019ರಲ್ಲಿ, ಡಿಆರ್‌ಡಿಒದವರ ರುಸ್ತುಂ. ಅದಕ್ಕೆ ಎಷ್ಟು ಗಂಟೆ ಅನುಭವ ಬೇಕಿತ್ತು ಅಂತ ಯಾರೂ ಕೇಳಲಿಲ್ಲ 😄

ತಮಾಷೆ ಬಿಡಿ. ಗಂಟೆ ಗಂಟೆ ಅಂತೀರಲ್ಲ, ಆ ಗಂಟೆ ನಿಜವಾಗಿ ಹಾರಿಸಿದ್ದಾ, ಪೆನ್ನಿನಲ್ಲಿ ಹಾರಿಸಿದ್ದಾ? ಪೈಲಟ್‌ಗಳೇ ಅದಕ್ಕೆ ‘ಪಾರ್ಕರ್ ಪೆನ್ ಗಂಟೆ’ ಅಂತಾರೆ. 2011ರಲ್ಲಿ ನಮ್ಮ ದೇಶದಲ್ಲೇ ನಕಲಿ ಮಾರ್ಕ್ಸ್‌ಕಾರ್ಡ್ ಕೊಟ್ಟು ಲೈಸೆನ್ಸ್ ಪಡೆದವರು ಸಿಕ್ಕಿಬಿದ್ದಿದ್ದರು. ಸಂಖ್ಯೆ ಜಾಸ್ತಿ ಕೇಳಿದಷ್ಟೂ ಪೆನ್ನಿಗೆ ಕೆಲಸ ಜಾಸ್ತಿ.

ಫಿಸಿಕ್ಸ್ ಟೀಚರ್

ಚಿತ್ರದುರ್ಗದಲ್ಲಿ ಪಿಯು ಮಕ್ಕಳಿಗೆ ಪಾಠ ಮಾಡುತ್ತೇನೆ. ನೀವೆಲ್ಲ 200ನೇ ಗಂಟೆಯಿಂದ ಜಗಳ ಶುರು ಮಾಡಿದ್ದೀರಿ, ನಾನು ಸೊನ್ನೆಯಿಂದ ಕೇಳುತ್ತೇನೆ.

ಪೈಲಟ್ ಆಗೋಕೆ ಓದು ಏನು ಬೇಕು? ಪಿಯುಸಿಯಲ್ಲಿ ಫಿಸಿಕ್ಸ್, ಮ್ಯಾಥ್ಸ್. ಅಷ್ಟೇ. ಜೊತೆಗೆ ಕಣ್ಣು, ಕಿವಿ, ಎದೆ ಸರಿಯಾಗಿದ್ದು ಮೆಡಿಕಲ್ ಪಾಸಾಗಬೇಕು, 18 ವರ್ಷ ತುಂಬಿರಬೇಕು. ಕೇಳೋಕೆ ಎಷ್ಟು ಸುಲಭ ಅಲ್ವಾ? ಹೋದ ವರ್ಷ ಒಬ್ಬಳು ಹುಡುಗಿ, ಹೊಳಲ್ಕೆರೆ ಕಡೆಯವಳು, ವೆಕ್ಟರ್ ಪಾಠ ಮುಗಿದ ಮೇಲೆ ಬಂದು ಕೇಳಿದಳು. ಮೇಡಂ, ಗಾಳಿ ಪಕ್ಕದಿಂದ ಬೀಸಿದರೆ ವಿಮಾನದ ಮೂತಿ ಎಷ್ಟು ತಿರುಗಿಸಬೇಕು ಅನ್ನೋದು ಇದೇ ಲೆಕ್ಕದಲ್ಲಿ ಬರುತ್ತಾ ಅಂತ. ಇಪ್ಪತ್ತು ವರ್ಷದಲ್ಲಿ ಆ ಪ್ರಶ್ನೆ ಕೇಳಿದ್ದು ಅವಳೊಬ್ಬಳೇ. ಮನೆಗೆ ಬಂದು ಖರ್ಚು ಹುಡುಕಿದೆ. ಕೇಂದ್ರ ಸರ್ಕಾರದ ಸಂಸ್ಥೆ ಒಂದಿದೆ, ಉತ್ತರ ಪ್ರದೇಶದ ಅಮೇಠಿ ಜಿಲ್ಲೆಯ ಫುರ್ಸತ್‌ಗಂಜಿನಲ್ಲಿ. ಪ್ರವೇಶ ಪರೀಕ್ಷೆ ಬರೆದು ಸೇರಬೇಕು, ನಾನು ನೋಡಿದಾಗ ಅಲ್ಲೇ ಫೀಸು 45 ಲಕ್ಷದ ಲೆಕ್ಕ ಇತ್ತು. ಖಾಸಗಿಯದ್ದು ಹೇಳೋದೇ ಬೇಡ. ಬ್ಯಾಂಕಿಗೆ ಹೋದರೆ ಅಡಮಾನ ಏನಿದೆ ಅಂತ ಕೇಳುತ್ತಾರೆ. ಅವಳಪ್ಪ ಶೇಂಗಾ ಬೆಳೆಯುತ್ತಾರೆ, ಮಳೆ ಬಂದ ವರ್ಷ. ಈಗ ಅವಳು ಬಿಎಸ್ಸಿ ಓದುತ್ತಿದ್ದಾಳೆ.

ಇಂಟರ್‌ವ್ಯೂನಲ್ಲಿ ನ್ಯಾಯ ಇದೆಯಾ ಅಂತ ಕೇಳುತ್ತೀರಿ. ಇಂಟರ್‌ವ್ಯೂ ತನಕ ಬಂದವರೆಲ್ಲ ಯಾವುದೋ ತೋಟ ಮಾರಿದವರೇ. ಪಿಬಿ ರಸ್ತೆಯವರೇ, ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ತಮ್ಮನಿಗೆ ಮಾರೋಕೆ ಎರಡು ಎಕರೆ ಇತ್ತು. ಲಾರಿ ಅಣ್ಣನ ಕ್ಲೀನರ್ ಕೆಲಸದಲ್ಲಿ ಕಲಿಯುವವನಿಗೇ ಊಟ, ಭತ್ಯೆ ಸಿಗುತ್ತಿತ್ತು. ಇಲ್ಲಿ ಕಲಿಯುವವನೇ ಕಟ್ಟಬೇಕು.

ಅನುಭವದ ವಿಷಯಕ್ಕೆ ಇನ್ನೊಂದು ಮಾತು. 2010ರ ಮೇ 22, ಮಂಗಳೂರಿನ ವಿಮಾನ ಅಪಘಾತ. ಕ್ಯಾಪ್ಟನ್‌ಗೆ ಹತ್ತು ಸಾವಿರ ಗಂಟೆ ದಾಟಿತ್ತು. ಪಕ್ಕದಲ್ಲಿದ್ದ ಫಸ್ಟ್ ಆಫೀಸರ್ ‘ಗೋ ಅರೌಂಡ್’, ಅಂದ್ರೆ ಇಳಿಸಬೇಡಿ ಮತ್ತೆ ಮೇಲೆ ಹೋಗೋಣ ಅಂತ ಮೂರು ಸಲ ಹೇಳಿದರು ಅಂತ ತನಿಖಾ ವರದಿಯಲ್ಲೇ ಇದೆ. ಕೇಳಲಿಲ್ಲ. 158 ಜನ ಹೋದರು, ಉಳಿದದ್ದು 8. ಗಂಟೆ ಕಡಿಮೆ ಇದ್ದವರು ಹೇಳಿದ್ದೇ ಆವತ್ತು ಸರಿ ಇತ್ತು. ಆ ಅಪಘಾತ ನೆನಪಾದಾಗಲೆಲ್ಲ ನನಗೆ ಸ್ಟಾಫ್ ರೂಮ್ ನೆನಪಾಗುತ್ತೆ. ಇರಲಿ, ಅದು ಬೇರೆ ಕಥೆ.

ಹದಡಿ ರಸ್ತೆ

ಹುಡುಗಿಯರಿಗೆ ಸುಲಭವಾಗಿ ಕೆಲಸ ಕೊಡುತ್ತಾರೆ ಅಂತ ಕೇಳಿದ್ದೇನೆ, ಅದರ ಬಗ್ಗೆ ಯಾರೂ ಮಾತಾಡಲ್ಲ.

ರೈಟ್ ಸೀಟ್

ಹದಡಿ ರಸ್ತೆಯವರೇ, ಸುಮ್ನೆ ಕೇಳಿದ್ದನ್ನ ಇಲ್ಲಿ ಬರೆಯಬೇಡಿ. ನಮ್ಮ ದೇಶದಲ್ಲಿ ಪೈಲಟ್‌ಗಳಲ್ಲಿ ಹೆಂಗಸರು ಸುಮಾರು ನೂರಕ್ಕೆ ಹದಿನೈದು, ಪ್ರಪಂಚದ ಲೆಕ್ಕ ಸುಮಾರು ಐದು. ಅದಕ್ಕೇ ಈ ಮಾತು ಹುಟ್ಟಿರಬೇಕು. ಅದೇ ಪರೀಕ್ಷೆ, ಅದೇ ಸಿಮ್ಯುಲೇಟರ್, ಅದೇ ಚೆಕ್. ನನ್ನನ್ನ ಲೈನ್ ಟ್ರೇನಿಂಗ್‌ನಲ್ಲಿ, ಅಂದ್ರೆ ಪ್ರಯಾಣಿಕರ ಜೊತೆ ಹಾರಿಸುತ್ತಾ ಕಲಿಯುವಾಗ, ಅತಿ ಜಾಸ್ತಿ ಬೈದ ಕ್ಯಾಪ್ಟನ್ ಒಬ್ಬರು ಮೇಡಂ. ಬೈದದ್ದೂ ಸರಿನೇ.

ಲಾರಿ ಅಣ್ಣ, ನಿಮ್ಮ ಪ್ರಶ್ನೆ ತಪ್ಪಿಸಿಕೊಳ್ಳಲ್ಲ. ಸಿಮ್ಯುಲೇಟರ್ ಭಯ ಬೇರೆ, ನಿಜದ ಭಯ ಬೇರೆ, ಒಪ್ಪುತ್ತೇನೆ. ಮೊದಲ ಸಲ ಮಳೆಗಾಲದಲ್ಲಿ ಮಂಗಳೂರಿಗೆ ಹೋದಾಗ ನನ್ನ ಅಂಗೈ ಒದ್ದೆಯಾಗಿತ್ತು, ಗುಡ್ಡದ ತಲೆ ಕತ್ತರಿಸಿ ಮಾಡಿದ ರನ್‌ವೇ ಅದು. ಆದರೆ ಯಾವ ಗಂಟೆ ಅನ್ನೋದೂ ಮುಖ್ಯ. 1990ರಲ್ಲಿ ಬೆಂಗಳೂರಿನಲ್ಲಿ ಇಂಡಿಯನ್ ಏರ್‌ಲೈನ್ಸ್‌ನ ಎ320 ಎಚ್‌ಎಎಲ್ ರನ್‌ವೇ ಮುಟ್ಟುವ ಮೊದಲೇ ಬಿತ್ತು, 92 ಜನ ಸತ್ತರು. ಮುಂದೆ ಕೂತ ಇಬ್ಬರೂ ವರ್ಷಗಟ್ಟಲೆ ಹಾರಿಸಿದ ಕ್ಯಾಪ್ಟನ್‌ಗಳು, ಆದರೆ ಆ ಮಾದರಿ ವಿಮಾನ ಇಬ್ಬರಿಗೂ ಹೊಸದು. ಸಣ್ಣ ಸೆಸ್ನಾದಲ್ಲಿ ಅದೇ ಹೊಲದ ಮೇಲೆ 1300 ಗಂಟೆ ಸುತ್ತು ಹೊಡೆದವನಿಗೂ ಜೆಟ್ ಹೊಸದೇ.

ಟೀಚರ್, ನೀವು ಬರೆದದ್ದು ಓದಿ ಒಂದು ವಿಷಯ ಹೇಳಲೇಬೇಕು ಅನ್ನಿಸಿತು. ನಮ್ಮ ಬ್ಯಾಚಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಹಾರಿಸುತ್ತಿದ್ದವನು ನಾನಲ್ಲ, ನನ್ನ ರೂಮ್‌ಮೇಟ್. ಅಡ್ಡಗಾಳಿಯಲ್ಲಿ ಅವನು ಇಳಿಸುತ್ತಿದ್ದರೆ ಇನ್‌ಸ್ಟ್ರಕ್ಟರ್ ಕೈ ಕಟ್ಟಿಕೊಂಡು ಕೂತಿರುತ್ತಿದ್ದರು. ಸಿಪಿಎಲ್ ಆದ ಮೇಲೆ ಟೈಪ್ ರೇಟಿಂಗಿಗೆ ಇನ್ನೂ ಲಕ್ಷಗಟ್ಟಲೆ ಬೇಕಾಗಿತ್ತು. ನನ್ನಪ್ಪ ಮನೆ ಪತ್ರ ಬ್ಯಾಂಕಿಗೆ ಇಟ್ಟರು. ಅವನಪ್ಪನ ಹತ್ತಿರ ಇಡೋಕೆ ಏನೂ ಉಳಿದಿರಲಿಲ್ಲ. ಅವನು ಈಗ ಇನ್ಶೂರೆನ್ಸ್ ಮಾಡಿಸುತ್ತಾನೆ, ನನ್ನ ಕಾರಿನದ್ದೂ ಅವನೇ ಮಾಡಿಸಿದ್ದು. ನಾನು ಪರೀಕ್ಷೆ ಪಾಸಾಗಿದ್ದೇನೆ, ಅರ್ಹತೆ ಇಲ್ಲ ಅಂತ ಅಲ್ಲ. ಆದರೆ ಅವನು ಆ ಪರೀಕ್ಷೆಗೇ ಕೂರಲಿಲ್ಲ.

ಪಿಬಿ ರಸ್ತೆ

ಎಲ್ಲರಿಗೂ ಥ್ಯಾಂಕ್ಸ್. ಟೀಚರ್ ಮಾತು ಸ್ವಲ್ಪ ಚುಚ್ಚಿತು, ಸುಳ್ಳು ಅಂತ ಹೇಳೋಕಾಗಲ್ಲ. ರೈಟ್ ಸೀಟ್ ಅವರೇ, ನೇರವಾಗಿ ಕೇಳುತ್ತೇನೆ. ತಮ್ಮ ಈಗ ಏನು ಮಾಡಬೇಕು? ಉಳಿದ ದುಡ್ಡಿಗೆ ಇನ್ನಷ್ಟು ಸಾಲ ಸೇರಿಸಿ ಟೈಪ್ ರೇಟಿಂಗ್ ಮಾಡಿಸೋಣ ಅಂತ ಅಪ್ಪ ಹೇಳುತ್ತಿದ್ದಾರೆ. ಕೆಡೆಟ್‌ಗಳನ್ನೇ ಮೊದಲು ಕರೆಯೋದು ಯಾಕೆ ಅಂತಲೂ ಹೇಳಿ.

ರೈಟ್ ಸೀಟ್

ಕೆಡೆಟ್ ವಿಷಯ ಮೊದಲು. ಕಂಪನಿಗೆ ಸೊನ್ನೆಯಿಂದ ತನ್ನದೇ ರೀತಿಯಲ್ಲಿ ಕಲಿತವರು ಬೇಕು, ಲಾಗ್‌ಬುಕ್ ನಂಬಬೇಕಾ ಬೇಡವಾ ಅನ್ನೋ ತಲೆನೋವು ಇರಲ್ಲ. ಸುರಕ್ಷತೆ ಲೆಕ್ಕದಲ್ಲಿ ಅದಕ್ಕೆ ಕಾರಣ ಇದೆ. ಆದರೆ ಅದೇ ಪರೀಕ್ಷೆಯನ್ನ ಹೊರಗಿನ ಹುಡುಗರಿಗೂ ತೆರೆದಿಟ್ಟು ಚೆನ್ನಾಗಿ ಮಾಡಿದವರನ್ನ ತೆಗೆದುಕೊಳ್ಳೋಕೆ ಏನು ಅಡ್ಡಿ ಅಂತ ಕೇಳಿದರೆ ನನ್ನ ಹತ್ತಿರ ಒಳ್ಳೆ ಉತ್ತರ ಇಲ್ಲ. ದುಡ್ಡು ಅಂತಲೇ ಹೇಳಬೇಕು.

ತಮ್ಮನ ವಿಷಯ. ಕೈಯಲ್ಲಿ ಆಫರ್ ಲೆಟರ್ ಇಲ್ಲದೆ ಟೈಪ್ ರೇಟಿಂಗಿಗೆ ದುಡ್ಡು ಹಾಕಬೇಡಿ, ಅಪ್ಪನಿಗೆ ಕಾಲು ಹಿಡಿದಾದರೂ ಹೇಳಿ. ಕೋರ್ಸ್ ಮುಗಿಸಿ ಕೆಲಸ ಸಿಗದೆ ಕೂತರೆ ಕಲಿತದ್ದು ಮರೆಯುತ್ತೆ, ಮತ್ತೆ ಸಿಮ್ಯುಲೇಟರಿಗೆ ದುಡ್ಡು ಕಟ್ಟಬೇಕಾಗುತ್ತೆ. ಮೆಡಿಕಲ್ ಮತ್ತು ಇನ್‌ಸ್ಟ್ರುಮೆಂಟ್ ರೇಟಿಂಗ್ (ಹೊರಗೆ ಏನೂ ಕಾಣದಿದ್ದಾಗ ಮೀಟರ್ ನೋಡಿಯೇ ಹಾರಿಸುವ ಅರ್ಹತೆ) ಅವಧಿ ಮುಗಿದುಹೋಗದ ಹಾಗೆ ನೋಡಿಕೊಳ್ಳಿ. ಮತ್ತೆ, ಇನ್‌ಸ್ಟ್ರಕ್ಟರ್ ರೇಟಿಂಗ್ ಮಾಡಿಸಿ, ಬೇರೆಯವರಿಗೆ ಹಾರಿಸೋದು ಕಲಿಸಬಹುದು. ಸಂಬಳ ಕಡಿಮೆ, ಬಿಸಿಲು ಜಾಸ್ತಿ. ಆದರೆ ಅವನು ಕಟ್ಟುವ ಬದಲು ಅವನಿಗೆ ಕೊಡುತ್ತಾರೆ, ಗಂಟೆಯೂ ಬರುತ್ತೆ. ಬೇರೆಯವರ ತಪ್ಪು ದಿನಕ್ಕೆ ನಾಲ್ಕು ಸಲ ತಿದ್ದಿದವನ ಕೈ ಬೇರೆಯೇ ಇರುತ್ತೆ.

ಪಿಬಿ ರಸ್ತೆ

ರಾತ್ರಿ ತಮ್ಮನಿಗೆ ಇದನ್ನೆಲ್ಲ ಓದಿ ಹೇಳಿದೆ. ಮೊದಲು ಉರಿದುಬಿದ್ದ, ಹಳ್ಳಿ ಕಟ್ಟೆಯ ಪಂಚಾಯ್ತಿ ಮಾಡಿದ್ದೀಯಾ ಅಂತ. ಬೆಳಿಗ್ಗೆ ಎದ್ದು ಒಂದು ಸ್ಕೂಲಿಗೆ ಅವನೇ ಫೋನ್ ಮಾಡಿದ. ಇನ್‌ಸ್ಟ್ರಕ್ಟರ್ ಕೋರ್ಸಿಗೆ ಮುಂದಿನ ತಿಂಗಳು ಬಾ ಅಂದಿದ್ದಾರಂತೆ. ಭಾವನಿಗೂ ಹೇಳಿದೆ, ‘ಈಗ ಬಂದ ದಾರಿಗೆ’ ಅಂದರು, ಗೆದ್ದವರ ಹಾಗೆ.

ಚಳ್ಳಕೆರೆ ಲಾರಿ

ಆ ಸ್ಕೂಲಿನಲ್ಲಿ ಎಷ್ಟು ವಿಮಾನ ಇದೆ ಅಂತ ಕೇಳಿದ್ರಾ? ಶೆಡ್ಡಿನಲ್ಲಿ ನಿಂತಿರೋದು ಬಿಟ್ಟು ಹಾರೋದು ಎಷ್ಟು ಅಂತ?

ಪಿಬಿ ರಸ್ತೆ

ಕೇಳಿದ ಅಣ್ಣ. ಹನ್ನೊಂದರಲ್ಲಿ ನಾಲ್ಕು.